ಕಡ್ಲೆಪುರಿ ಗುರುಬಸಮ್ಮನೂ ಕೊಡದಮ್ಮನ ಕಾರಂಜಿಯೂ

ಕೊಡದಮ್ಮ ಕಾರಂಜಿ ಜೀರ್ಣೋದ್ಧಾರ ಸಮಿತಿಯವರು ಸ್ಮರಣ ಸಂಚಿಕೆ ತಂದಿದ್ದಾರೆ. ಅರವತ್ತನಾಲ್ಕು ಪುಟ, ಎಲ್ಲವೂ ಬಣ್ಣದ್ದು. ಅಧ್ಯಕ್ಷರ ಫೋಟೋ ಒಂಬತ್ತು ಕಡೆ ಇದೆ. ಅದರಲ್ಲಿ ಎರಡು ಕಡೆ ಅವರು ವಿಗ್ರಹಕ್ಕೆ ಅಡ್ಡವಾಗಿಯೇ ನಿಂತಿದ್ದಾರೆ. ಶಾಮಿಯಾನದವರಿಗೆ ವಂದನೆ, ಮೈಕಿನವರಿಗೆ ವಂದನೆ, ಕಾಗದ ಪತ್ರ ಜೆರಾಕ್ಸ್ ಮಾಡಿಕೊಟ್ಟಿದ್ದಕ್ಕೆ ಕೊನೇ ಪುಟದ ಮೂಲೆಯಲ್ಲಿ ನನಗೂ ಒಂದು ವಂದನೆ. ಗುರುಬಸಮ್ಮನ ಹೆಸರು ಮಾತ್ರ ಮೊದಲಿಂದ ಕಡೆಯವರೆಗೆ ಎಲ್ಲೂ ಇಲ್ಲ. ನನಗೆ ಪಿತ್ತ ನೆತ್ತಿಗೇರಿತು. ಅಲ್ಲ, ಆ ಹೆಂಗಸು ಇಲ್ಲದಿದ್ದರೆ ಕಾರಂಜಿ ನಿಲ್ಲುತ್ತಲೂ ಇರಲಿಲ್ಲ, ಮತ್ತೆ ಹರಿಯುತ್ತಲೂ ಇರಲಿಲ್ಲ. ಅವರು ಬರೆಯದಿದ್ದರೆ ಬೇಡ, ನಾನೇ ಬರೆಯುತ್ತೇನೆ.

ನನ್ನ ಹೆಸರು ಮಹಾದೇವಸ್ವಾಮಿ. ನಂಜನಗೂಡಿನ ಪೇಟೆಯಲ್ಲಿ, ಕೊಡದಮ್ಮನ ಸರ್ಕಲ್ಲಿಗೆ ಎದುರಾಗಿ ನನ್ನ ಜೆರಾಕ್ಸ್ ಅಂಗಡಿ. ಪಹಣಿ, ಜಾತಕ, ವಿಭಾಗಪತ್ರ, ಅಮಾನತು ಆದೇಶ, ಊರಿನ ಗುಟ್ಟೆಲ್ಲ ನನ್ನ ಗಾಜಿನ ಮೇಲೆ ಬೋರಲು ಮಲಗಿ ಎದ್ದು ಹೋಗುತ್ತದೆ. ಓದಬಾರದು ಎಂದುಕೊಳ್ಳುತ್ತೇನೆ. ಆದರೆ ಕಾಗದ ನೇರವಾಗಿ ಇಡಬೇಕಾದರೆ ಒಂದು ಸಲ ನೋಡಲೇಬೇಕಲ್ಲ.

ಕೊಡದಮ್ಮ ಎಂದರೆ ದೇವಿಯಲ್ಲ. ಎರಕದ ಕಬ್ಬಿಣದ ಹೆಂಗಸು, ಆಳೆತ್ತರ, ಸೊಂಟದ ಮೇಲೆ ವಾಲಿಸಿದ ಕೊಡ. ಕೊಡದ ಬಾಯಿಂದ ನೀರು ಬೀಳಬೇಕು, ಕಾಲಬುಡದ ನಾಲ್ಕು ಮೀನುಗಳ ಬಾಯಿಂದ ನೀರು ಮೇಲಕ್ಕೆ ಚಿಮ್ಮಬೇಕು. ಊರಿಗೆ ಮೊದಲ ಸಲ ನಲ್ಲಿ ನೀರು ಬಂದ ಕಾಲದಲ್ಲಿ ನಿಲ್ಲಿಸಿದ್ದು. ವರ್ಷಕ್ಕೊಂದು ಸಲ ದಸರಾ ಸಮಯಕ್ಕೆ ಯಾರಾದರೂ ಪುಣ್ಯಾತ್ಮರು ಬೆಳ್ಳಿ ಬಣ್ಣ ಹೊಡೆಸುತ್ತಿದ್ದರು. ಹೊಡೆದು ಹೊಡೆದು ಆಕೆಯ ಮೂಗು ಮಾಯವಾಗಿ, ಸೀರೆಯ ನೆರಿಗೆ ಮುಚ್ಚಿ, ಕಡೆಗೆ ದೂರದಿಂದ ನೋಡಿದರೆ ಹೆಂಗಸೋ ಗಂಡಸೋ ಗೊತ್ತಾಗದಂತೆ ಆಗಿತ್ತು. ಜವಳಿ ಅಂಗಡಿಯ ಮನೆತನವೊಂದು ಮಾತ್ರ, ಅದನ್ನು ನಮ್ಮ ಮುತ್ತಾತ ಮಾಡಿಸಿದ್ದು, ಮುಖ ನಮ್ಮ ಮುತ್ತಜ್ಜಿಯದು ಎಂದು ಎರಡು ತಲೆಮಾರಿನಿಂದ ಹಾರ ಹಾಕುತ್ತಾ ಬಂದಿತ್ತು. ಮೂಗೇ ಇಲ್ಲದ ಮುಖದಲ್ಲಿ ಹೋಲಿಕೆ ಹೇಗೆ ಕಂಡರೋ ಅವರನ್ನೇ ಕೇಳಬೇಕು.

ಸರ್ಕಲ್ಲಿನ ಪೂರ್ವದ ಅಂಚಿನಲ್ಲಿ ಒಂದು ಚಪ್ಪಡಿ ಕಲ್ಲು. ಕಲ್ಲಿನ ಮೇಲೆ ಗೋಣಿಚೀಲ, ಚೀಲದ ಮೇಲೆ ಗುರುಬಸಮ್ಮ, ಆಕೆಯ ಮುಂದೆ ಕಡ್ಲೆಪುರಿಯ ಮೂಟೆ. ಈಗ ಎಪ್ಪತ್ತೆರಡು ವರ್ಷ. ಹಣೆಯ ತುಂಬ ವಿಭೂತಿ, ಬಾಯಿ ತುಂಬ ಮಾತು. ಪುರಿ ಕೊಳ್ಳಲು ಬಂದವರಿಗೆ ಪುರಿಗಿಂತ ಮೊದಲು ಬುದ್ಧಿಮಾತು ಸಿಗುತ್ತದೆ. ಮದುವೆಯಾಗದವರಿಗೆ ಯಾಕೆ ಆಗಲಿಲ್ಲ ಎಂದು ಕೇಳುತ್ತಾರೆ, ಆದವರಿಗೆ ಯಾಕೆ ಸೊರಗಿದೆ ಎಂದು ಕೇಳುತ್ತಾರೆ. ತವರು ಟಿ. ನರಸೀಪುರ. ಅದೊಂದು ವಿಷಯದಲ್ಲಿ ಆಕೆಗೆ ನಂಜನಗೂಡಿನವರ ಮೇಲೆಲ್ಲ ಒಂದು ಬಗೆಯ ಕನಿಕರ. ನಿಮ್ಮೂರ ಕಪಿಲೆ ಎಷ್ಟು ಮೆರೆದರೂ ಕಡೆಗೆ ನಮ್ಮೂರಿಗೆ ಬಂದು ಕಾವೇರಿಯ ಕೈ ಹಿಡಿಯಬೇಕು ತಾನೆ ಎಂದು ಐವತ್ತು ವರ್ಷದಿಂದ ಹೇಳುತ್ತಿದ್ದಾರೆ. ಐವತ್ತು ವರ್ಷದಿಂದ ನಮಗೆ ಯಾರಿಗೂ ಅದಕ್ಕೆ ಉತ್ತರ ಹೊಳೆದಿಲ್ಲ.

ಗಂಡ ಮಾದಯ್ಯನವರು ಊರಿನ ವಾಟರ್‌ಮ್ಯಾನ್. ತೀರಿಕೊಂಡು ಎಂಟು ವರ್ಷವಾಯಿತು. ಹೆಂಡತಿ ಎಷ್ಟು ಮಾತೋ ಗಂಡ ಅಷ್ಟು ಮೌನ. ನಾಲ್ಕಡಿ ಉದ್ದದ ಕಬ್ಬಿಣದ ಕೀಲಿಯನ್ನು ಹೆಗಲ ಮೇಲೆ ಇಟ್ಟುಕೊಂಡು, ಬೀದಿ ಬೀದಿಯಲ್ಲಿ ವಾಲ್ವ್ ತಿರುಗಿಸಿ ನೀರು ಬಿಡುತ್ತಿದ್ದರು. ಕೀಲಿಯ ತುದಿಗೆ ಕಿವಿ ಕೊಟ್ಟು, ಪೈಪಿನೊಳಗಿನ ಸದ್ದು ಕೇಳಿಯೇ ಎಲ್ಲಿ ಒಡೆದಿದೆ ಎಂದು ಹೇಳುತ್ತಿದ್ದರು. ಅವರು ತೋರಿಸಿದ ಕಡೆ ಅಗೆದರೆ ಒಂದು ಗೇಣೂ ತಪ್ಪುತ್ತಿರಲಿಲ್ಲ. ನಿವೃತ್ತಿಯ ದಿನ ಶಾಲು ಹೊದಿಸಿ, ಊರಿನ ನೆಲದೊಳಗಿನ ನಕ್ಷೆಯೆಲ್ಲ ಈ ಮನುಷ್ಯನ ತಲೆಯಲ್ಲಿದೆ ಎಂದು ಸಾಹೇಬರು ಭಾಷಣ ಮಾಡಿದ್ದರು. ಆ ಫೋಟೋ ಇವತ್ತಿಗೂ ಗುರುಬಸಮ್ಮನ ಮನೆಯ ನಡುಗೋಡೆಯಲ್ಲಿ ಇದೆ.

ಕಾರಂಜಿ ನಿಂತದ್ದು ಸಾವಿರದ ಒಂಬೈನೂರ ಎಂಬತ್ತೆಂಟರಲ್ಲಿ. ಒಂದು ಬೆಳಿಗ್ಗೆ ನೋಡಿದರೆ ನೀರಿಲ್ಲ, ಅಷ್ಟೆ. ಯಾಕೆ ಎನ್ನುವುದಕ್ಕೆ ಊರಿನಲ್ಲಿ ತಲೆಗೊಂದು ಕಾರಣ ಹುಟ್ಟಿತು. ಪಂಪು ಸುಟ್ಟಿದೆ ಎಂದರು. ಪೈಪನ್ನು ಯಾರೋ ತೋಟಕ್ಕೆ ಸಾಗಿಸಿದ್ದಾರೆ ಎಂದರು. ಮುಟ್ಟಬಾರದವರು ಯಾರೋ ಮುಟ್ಟಿ ಗಂಗಮ್ಮ ಮುನಿದಳು ಎಂದು ಒಬ್ಬರು ಹೇಳಿ, ಗುರುಬಸಮ್ಮನಿಂದ ಚೆನ್ನಾಗಿ ಉಗಿಸಿಕೊಂಡರು. ಒಂದು ವರ್ಷ ಖಾಲಿ ಕೊಡಗಳ ಪ್ರತಿಭಟನೆಯೂ ನಡೆಯಿತು. ನೂರಾರು ಜನ ಕೊಡದಮ್ಮನ ಸುತ್ತ ಕೊಡ ಇಟ್ಟುಕೊಂಡು ಕೂತರು. ಗುರುಬಸಮ್ಮ ಅವರಿಗೆಲ್ಲ ಈರುಳ್ಳಿ, ಕಾರ ಕಲಸಿ ಪುರಿ ಕೊಟ್ಟರು, ಘೋಷಣೆಗೂ ದನಿ ಸೇರಿಸಿದರು. ಆ ದಿನದಷ್ಟು ವ್ಯಾಪಾರ ಮತ್ತೆ ಆಗಿಲ್ಲ ಎಂದು ಆಮೇಲೆ ನನ್ನ ಹತ್ತಿರ ಹೇಳಿದ್ದರು. ಕೇಳಿ ನಾನೂ ನಕ್ಕಿದ್ದೆ, ಪೆದ್ದ.

ಹೋದ ವರ್ಷ ಸಮಿತಿ ರಚನೆಯಾಯಿತು. ಮೈಸೂರಿನಿಂದ ಅಮೃತೇಶ್ ಎಂಬ ಹುಡುಗ ಬಂದ, ಹಳೆಯ ಲೋಹದ ವಿಗ್ರಹಗಳನ್ನು ಸರಿಮಾಡುವುದನ್ನೇ ಓದಿದವನು. ಹುಡುಗ ಎಂದರೆ ಮೂವತ್ತೈದು ಆಗಿರಬಹುದು, ನನ್ನ ವಯಸ್ಸಿಗೆ ಎಲ್ಲರೂ ಹುಡುಗರೇ. ಸಣ್ಣ ಚಾಕು, ಬ್ರಷ್ಷು, ಯಾವುದೋ ದ್ರಾವಣ ಹಿಡಿದು ಬೆರಳಗಲ ಬೆರಳಗಲ ಬಣ್ಣ ಬಿಡಿಸುತ್ತಾ ಕೂತ. ಮೂರು ತಿಂಗಳು. ಬೆಳ್ಳಿ ಬಣ್ಣದ ಕೆಳಗೆ ಹಸಿರು, ಹಸಿರಿನ ಕೆಳಗೆ ಇನ್ನೊಂದು ಬೆಳ್ಳಿ, ಯಾವುದೋ ಚುನಾವಣೆಯ ವರ್ಷ ಬಳಿದ ಬಣ್ಣ, ಅದನ್ನು ಮುಚ್ಚಲು ಬಳಿದ ಮತ್ತೊಂದು ಬಣ್ಣ. ಕೊಡದೊಳಗಿಂದ ಗೋಲಿ, ಸೋಡಾ ಬಾಟಲಿಯ ಮುಚ್ಚಳ, ಒಂದು ಹಕ್ಕಿಗೂಡು ಬಂದವು. ಕಡೆಗೊಂದು ದಿನ ಮೂಗು ಬಂತು. ಚೂಪಾದ, ಸ್ವಲ್ಪ ಸಿಟ್ಟಿನ ಮೂಗು. ಜವಳಿ ಮನೆತನದವರ ಮೂಗೆಲ್ಲ ದಪ್ಪ. ಅವರು ಆ ಕಡೆ ಬರುವುದನ್ನೇ ಬಿಟ್ಟರು.

ಪೀಠದ ಮೇಲೆ ಅಕ್ಷರ ಸಿಕ್ಕಾಗಲಂತೂ ಊರಿಗೆ ಊರೇ ಸೇರಿತು. ದಾನಿಯ ಹೆಸರು, ಮಹಾರಾಜರ ಕಾಲದ ಶಾಸನ, ಏನೋ ಒಂದು ಇತಿಹಾಸ ಸಿಗುತ್ತದೆ ಎಂದು ಎಲ್ಲರೂ ಕತ್ತು ಉದ್ದ ಮಾಡಿದರು. ಅಮೃತೇಶ್ ಕೊನೆಯ ಬಣ್ಣ ಒರೆಸಿ ಗಟ್ಟಿಯಾಗಿ ಓದಿದ. "ನೀರನ್ನು ಪೋಲು ಮಾಡತಕ್ಕದ್ದಲ್ಲ" ಎಂದಿತ್ತು. ಅಷ್ಟೇ, ಬೇರೇನೂ ಇಲ್ಲ. ಜನ ಗೊಣಗಿಕೊಂಡು ಚದುರಿದರು.

ವಿಗ್ರಹವೇನೋ ಲಕ್ಷಣವಾಗಿ ಎದ್ದು ನಿಂತಿತು. ನೀರು ಬರಲಿಲ್ಲ. ಸಮಿತಿಯ ಇಂಜಿನಿಯರ್ ಮಹೇಂದ್ರ ಹೊಸ ಪೈಪನ್ನು ತಂದು ಹಳೆಯ ಪೈಪಿಗೆ ಜೋಡಿಸಿದ. ನೀರು ಸರ್ಕಲ್ಲಿನವರೆಗೆ ಬಂದು ಎಲ್ಲೋ ನಿಂತುಬಿಟ್ಟಿತು. ನಡುವೆ ಒಂದು ವಾಲ್ವ್ ಇರಬೇಕು, ಅದು ಮುಚ್ಚಿಕೊಂಡಿದೆ, ಎಲ್ಲಿದೆ ಗೊತ್ತಿಲ್ಲ ಎಂದ. ಹಳೆಯ ನಕ್ಷೆಯನ್ನು ಗೆದ್ದಲು ತಿಂದಿತ್ತು. ಯಂತ್ರ ತಂದು ನೆಲ ತಡಕಿದರು, ಸಿಕ್ಕಲಿಲ್ಲ. ಕೊನೆಗೆ ಬೋರ್‌ವೆಲ್ಲಿಗೆ ಜಾಗ ತೋರಿಸುವ ಹುಚ್ಚಯ್ಯನನ್ನು ಬಿಳಿಗೆರೆಯಿಂದ ಕರೆಸಿದರು. ಆತ ಅಂಗೈ ಮೇಲೆ ತೆಂಗಿನಕಾಯಿ ಮಲಗಿಸಿಕೊಂಡು ಸರ್ಕಲ್ಲನ್ನು ಮೂರು ಸುತ್ತು ಹಾಕಿದ. ಕಾಯಿ ಒಂದು ಸಲ ಹೋಟೆಲಿನ ಮೋರಿಯ ಹತ್ತಿರ ಎದ್ದು ನಿಂತಿತು. ಇನ್ನೊಂದು ಸಲ ಗುರುಬಸಮ್ಮನ ಮುಂದೆ ಅಲ್ಲಾಡಿತು. ಆಕೆ, ಬೋಣಿ ಆಗದ ಹೊತ್ತಲ್ಲಿ ಕಾಯಿ ಹಿಡಿದುಕೊಂಡು ಎದುರಿಗೆ ನಿಲ್ಲುತ್ತೀಯಲ್ಲ ಎಂದು ಗದರಿದ ಗದರಿಕೆಗೆ ಹುಚ್ಚಯ್ಯ ಕಾಯಿಯನ್ನು ಕಂಕುಳಲ್ಲಿ ಇಟ್ಟುಕೊಂಡು ಮೋರಿಯನ್ನೇ ಖಾತ್ರಿ ಮಾಡಿ ಹೊರಟ. ಮೋರಿ ಅಗೆದರು. ಏನು ಸಿಕ್ಕಿತು ಎಂದು ಬರೆಯುವುದು ಬೇಡ.

ಕಡೆಗೆ ಸಮಿತಿ ಕೈಚೆಲ್ಲಿತು. ವಾಲ್ವಿನ ಗೊಡವೆಯೇ ಬೇಡ, ಕೆಳಗೊಂದು ತೊಟ್ಟಿ ಕಟ್ಟಿ, ಮೋಟಾರು ಇಟ್ಟು, ಅದೇ ನೀರನ್ನು ತಿರುತಿರುಗಿಸಿ, ಬಣ್ಣದ ದೀಪ ಹಾಕೋಣ ಎಂದು ವರದಿ ಬರೆದರು. ಅದರ ಹನ್ನೆರಡು ಪ್ರತಿ ಮಾಡಿಸಲು ನನ್ನ ಅಂಗಡಿಗೆ ಕಳಿಸಿದರು. ಕಾಗದ ನೇರವಾಗಿ ಇಡಬೇಕಾದರೆ ನೋಡಲೇಬೇಕಲ್ಲ, ನೋಡಿದೆ. ಏಳನೇ ಪುಟದಲ್ಲಿ ಹೀಗಿತ್ತು: ಅಂದಿನ ವಾಟರ್‌ಮ್ಯಾನ್ ಮಾದಯ್ಯ ಎಂಬುವರಿಗೆ ವಾಲ್ವ್‌ಗಳ ಬಗ್ಗೆ ಸೂಕ್ತ ತಿಳಿವಳಿಕೆ ಇಲ್ಲದ ಕಾರಣ ಸದರಿ ಕಾರಂಜಿ ಸ್ಥಗಿತಗೊಂಡಿರುವುದಾಗಿ ಕಂಡುಬರುತ್ತದೆ.

ನನ್ನ ಮೈ ಉರಿಯಿತು. ಒಂದು ಪ್ರತಿಯನ್ನು ಕೈಯಲ್ಲಿ ಹಿಡಿದು ರಸ್ತೆ ದಾಟಿ ಗುರುಬಸಮ್ಮನ ಮುಂದೆ ಹೋಗಿ ಓದಿದೆ. ಆಕೆ ಬಾಯಿಬಿಟ್ಟರೆ ಸಮಿತಿಯ ಏಳು ತಲೆಮಾರಿಗೂ ಆಗುವಷ್ಟು ಬೈಗುಳ ಬರುತ್ತದೆ, ಕೇಳಿ ಖುಷಿಪಡೋಣ ಎಂಬ ಆಸೆಯೂ ಇತ್ತು. ಆದರೆ ಆಕೆ ಅಳತೆಯ ಸೇರನ್ನು ಮೂಟೆಯೊಳಗೆ ಬಿಟ್ಟು, ಸೆರಗಿನಿಂದ ಬಾಯಿ ಒರೆಸಿಕೊಂಡು, ಇನ್ನೊಂದು ಸಲ ಓದು ಎಂದರು. ಇನ್ನೊಂದು ಸಲ ಓದಿದೆ. ಆಮೇಲೆ ಎದ್ದು ನನ್ನ ಅಂಗಡಿಯೊಳಗೆ ಬಂದು, ಬಾಗಿಲು ಓರೆ ಮಾಡಲು ಹೇಳಿ, ಸ್ಟೂಲಿನ ಮೇಲೆ ಕೂತರು.

"ವಾಲ್ವು ಎಲ್ಲಿದೆ ಅಂತ ನಂಗೊತ್ತು ಕಣಪ್ಪ. ಮೂವತ್ತಾರು ವರ್ಸದಿಂದ ಅದ್ರ ಮ್ಯಾಲೇ ಕೂತಿವ್ನಿ."

 ಆಕೆ ಹೇಳುತ್ತಾ ಹೋದರು. ಎಂಬತ್ತೆಂಟರ ಶ್ರಾವಣದ ಒಂದು ಸೋಮವಾರ. ದೇವಸ್ಥಾನಕ್ಕೆ ಬಂದ ಜನ ಪೇಟೆ ತುಂಬ. ಆಗ ಗುರುಬಸಮ್ಮ ಕೂರುತ್ತಿದ್ದದ್ದು ಕಾರಂಜಿಯ ಪಕ್ಕದಲ್ಲೇ. ಆವತ್ತು ಗಾಳಿ ಎದ್ದು, ನಾಲ್ಕು ಮೀನಿನ ನೀರೂ ತುಂತುರಾಗಿ ಬಂದು ಮೂಟೆಗಳ ಮೇಲೆ ಬಿತ್ತು. ಮೂರು ಮೂಟೆ ಪುರಿ ಮೆತ್ತಗಾಯಿತು. ಮೆತ್ತಗಾದ ಪುರಿಯನ್ನು ಯಾರು ಕೇಳುತ್ತಾರೆ? ರಾತ್ರಿ ಮನೆಗೆ ಹೋಗಿ ಗಂಡನ ಮೇಲೆ ಹರಿಹಾಯ್ದರು. ಊರಿಗೆಲ್ಲ ನೀರು ಬಿಡುತ್ತೀರಿ, ಕಟ್ಟಿಕೊಂಡವಳ ಹೊಟ್ಟೆ ಮೇಲೂ ಬಿಡುತ್ತೀರಿ ಎಂದರಂತೆ. ಮಾದಯ್ಯನವರು ಬೆಳಕು ಹರಿಯುವ ಮುಂಚೆ ಎದ್ದು ಹೋದರು. ಗುರುಬಸಮ್ಮ ಪುರಿ ಹೊತ್ತುಕೊಂಡು ಸರ್ಕಲ್ಲಿಗೆ ಬಂದಾಗ ಕಾರಂಜಿ ನಿಂತಿತ್ತು, ಪೂರ್ವದ ಅಂಚಿನಲ್ಲಿ ಒಂದು ಚಪ್ಪಡಿ ಕಲ್ಲು ಹೊಸದಾಗಿ ಬಂದು ಮಲಗಿತ್ತು. ಗಂಡ ಅದನ್ನು ಬೆರಳಲ್ಲಿ ತೋರಿಸಿ, ಇನ್ನು ಇಲ್ಲಿ ಕೂತುಕೋ ಎಂದು ಹೇಳಿ, ಕೀಲಿ ಹೊತ್ತು ಹೋದರು.

ನನಗೆ ಮೊದಲು ಬಂದದ್ದು ನಗು. ಪಂಪು ಸುಟ್ಟಿದೆ ಎಂದವರು, ಗಂಗಮ್ಮನ ಕೋಪ ಎಂದವರು, ಖಾಲಿ ಕೊಡ ಹೊತ್ತು ಕೂತವರು, ಎಲ್ಲರ ಮುಖ ಒಂದೊಂದಾಗಿ ಕಣ್ಣ ಮುಂದೆ ಬಂತು. ಪುರಿ ಮೆತ್ತಗಾಗದಿರಲಿ ಎಂದು ಒಂದು ಊರಿನ ಕಾರಂಜಿ ಮೂವತ್ತಾರು ವರ್ಷ ಒಣಗಿ ನಿಂತಿತ್ತು. ಅಲ್ಲಕ್ಕಾ, ಪ್ರತಿಭಟನೆಯಲ್ಲಿ ನೀವೂ ಕೂಗಿದಿರಲ್ಲ ಎಂದು ಕೇಳಿದೆ. ಎಲ್ಲರೂ ಕೂಗುವಾಗ ತಾನೊಬ್ಬಳು ಸುಮ್ಮನಿದ್ದರೆ ಅನುಮಾನ ಬರುವುದಿಲ್ಲವೇ ಎಂದರು. ಹಾಗೆ ಹೇಳುವಾಗಲೂ ಆಕೆ ನಗಲಿಲ್ಲ, ಕಣ್ಣು ವರದಿಯ ಮೇಲೇ ಇತ್ತು. ನಾನು ನಗು ನುಂಗಿಕೊಂಡೆ.

ನಾನು ಬುದ್ಧಿವಂತನ ಹಾಗೆ ಸಲಹೆ ಕೊಟ್ಟೆ. ಇಂಥ ವರದಿಯನ್ನು ಬರೆದವರೂ ಓದುವುದಿಲ್ಲ, ಸುಮ್ಮನಿದ್ದುಬಿಡಿ. ಬಾಯಿಬಿಟ್ಟರೆ ಮೊದಲು ಹೋಗುವುದು ನಿಮ್ಮ ಜಾಗ, ಕಲ್ಲು ಎತ್ತಿ ನಿಮ್ಮನ್ನೂ ಎಬ್ಬಿಸುತ್ತಾರೆ. ಆಮೇಲೆ ಊರೆಲ್ಲ ಮಾದಯ್ಯನವರನ್ನು ಆಡಿಕೊಳ್ಳುತ್ತದೆ. ಸರ್ಕಾರದ ಸಂಬಳ ತಿಂದು ಹೆಂಡತಿಗಾಗಿ ಊರ ನೀರು ನಿಲ್ಲಿಸಿದ ಎನ್ನುತ್ತಾರೆ. ಈಗಾದರೆ ಬರೀ ತಿಳಿವಳಿಕೆ ಇರಲಿಲ್ಲ ಎಂದಿದ್ದಾರೆ, ಅಷ್ಟೇ ತಾನೇ ಎಂದೆ. ಆಕೆ ನನ್ನನ್ನು ನೋಡಿದ ನೋಟಕ್ಕೆ ನಾನು ಒಂದಡಿ ಹಿಂದೆ ಸರಿದೆ.

"ತೆಪ್ಪು ಮಾಡ್ದ ಅಂತ ಅಂದ್ಕಳ್ಳಿ, ಮಾಡವ್ರೆ. ಎಂಡ್ರು ಮಾತ್ ಕೇಳ್ದ ಅಂತ ನಗಾಡ್ಲಿ. ಕೆಲ್ಸ ಗೊತ್ತಿಲ್ದೋನು ಅಂತ ಮಾತ್ರ ಅವ್ರ ಎಸ್ರಲ್ಲಿ ಬರೀಬಾರ್ದು ಕಣ್ ಮಾದೇವಸ್ವಾಮಿ. ಅದ ನಾನ್ ತಡ್ಯಕ್ಕಿಲ್ಲ."

ಮಾರನೆಯ ದಿನ ಬೆಳಿಗ್ಗೆ ಹನ್ನೊಂದಕ್ಕೆ ಸಮಿತಿಯ ಸಭೆ. ಹನ್ನೆರಡು ಪ್ರತಿ ಕೊಡುವ ನೆಪದಲ್ಲಿ ನಾನೂ ಹೋಗಿ ಬಾಗಿಲ ಬಳಿ ನಿಂತೆ. ಅಧ್ಯಕ್ಷರು ಬಣ್ಣದ ದೀಪಗಳ ವಿಷಯ ಮಾತಾಡುತ್ತಿದ್ದಾಗ ಗುರುಬಸಮ್ಮ ಒಳಗೆ ಬಂದರು, ಹೆಗಲ ಮೇಲೆ ನಾಲ್ಕಡಿಯ ಕಬ್ಬಿಣದ ಕೀಲಿ. ಗಂಡ ಹೋದ ಮೇಲೆ ಅದು ಹಿತ್ತಿಲಲ್ಲಿ ಅವರೆಬಳ್ಳಿಯ ಚಪ್ಪರಕ್ಕೆ ಆಸರೆಯಾಗಿತ್ತು, ಇನ್ನೂ ಒಣಬಳ್ಳಿಯ ತುಂಡು ಅಂಟಿಕೊಂಡಿತ್ತು. ಹೊಡೆಯಲು ಬಂದರೆಂದು ತಿಳಿದು ಖಜಾಂಚಿ ಎದ್ದೇ ಬಿಟ್ಟರು. ಆಕೆ ಕೀಲಿಯನ್ನು ಮೇಜಿನ ಮೇಲೆ, ವರದಿಯ ಮೇಲೆಯೇ ಅಡ್ಡ ಇಟ್ಟು, ನಿಂತುಕೊಂಡೇ ಎಲ್ಲವನ್ನೂ ಹೇಳಿದರು. ಶ್ರಾವಣದ ಸೋಮವಾರ, ಗಾಳಿ, ಮೂರು ಮೂಟೆ ಪುರಿ, ತಾನು ಬೈದದ್ದು, ಒಂದನ್ನೂ ಬಿಡಲಿಲ್ಲ. ಹೇಳಿ ಮುಗಿಸಿ ಏಳನೇ ಪುಟ ತೆಗೆಯಿರಿ ಎಂದರು. ನಮ್ಮ ಯಜಮಾನರಿಗೆ ಕೆಲಸ ಗೊತ್ತಿದ್ದರಿಂದಲೇ ನಿಮಗೆ ಯಾರಿಗೂ ಆ ವಾಲ್ವ್ ಸಿಗಲಿಲ್ಲ, ಹಾಗೆಂದು ಬರೆಯಿರಿ ಎಂದರು.

 ಮೊದಲು ಯಾರೋ ಕಿಸಕ್ಕೆಂದರು, ಆಮೇಲೆ ಎಲ್ಲರೂ ನಕ್ಕರು. ಗುರುಬಸಮ್ಮನ ಮುಖ ಕೆಂಪಗಾಯಿತು, ಆದರೆ ನಿಂತ ಜಾಗ ಬಿಡಲಿಲ್ಲ. ಅಧ್ಯಕ್ಷರು ಗಂಟಲು ಸರಿಮಾಡಿಕೊಂಡು, ಸಾರ್ವಜನಿಕ ನೀರನ್ನು ಹೀಗೆ ಸ್ವಂತಕ್ಕಾಗಿ ನಿಲ್ಲಿಸುವುದು ಎಷ್ಟು ಸರಿ ಎಂದು ಶುರುಮಾಡಿದರು. ಪೀಠದ ಮೇಲೆ ಏನು ಬರೆದಿದೆ ಎಂದು ಆಕೆ ಅಮೃತೇಶನನ್ನು ಕೇಳಿದರು. ನೀರನ್ನು ಪೋಲು ಮಾಡತಕ್ಕದ್ದಲ್ಲ ಎಂದು ಆತ ಹೇಳಿದ. ನಮ್ಮ ಯಜಮಾನರು ಬರೆದಂತೆಯೇ ನಡೆದುಕೊಂಡಿದ್ದಾರೆ ಎಂದು ಹೇಳಿ ಆಕೆ ಕೀಲಿ ಎತ್ತಿಕೊಂಡರು. ಏಳನೇ ಪುಟವನ್ನು ಮಹೇಂದ್ರ ಅಲ್ಲೇ, ಎಲ್ಲರ ಮುಂದೆ, ಹರಿದ. ನಾನು ಹನ್ನೆರಡು ಪ್ರತಿಯಿಂದಲೂ ಅದನ್ನು ಕಿತ್ತೆ.

ಗೋಣಿಚೀಲ ತೆಗೆದು, ಹಾರೆ ಹಾಕಿ ಚಪ್ಪಡಿ ಎತ್ತಿದರು. ಕೆಳಗೆ ಇಟ್ಟಿಗೆಯ ಗುಂಡಿ, ಅದರೊಳಗೆ ವಾಲ್ವ್. ಗ್ರೀಸು ಬಳಿದು, ಹಳೆಯ ಸೈಕಲ್ ಟ್ಯೂಬು ಸುತ್ತಿ, ಮೇಲೆ ತಗಡು ಮುಚ್ಚಿ, ಬೇಕೆಂದಾಗ ತೆರೆಯುವ ಹಾಗೆ ಇಟ್ಟಿದ್ದರು ಮಾದಯ್ಯನವರು. ಮಹೇಂದ್ರ ಅದನ್ನು ಮುಟ್ಟಿ ನೋಡಿ, ಎಂಥ ಕೆಲಸ ಎಂದ. ಅದನ್ನು ಗುರುಬಸಮ್ಮ ಕೇಳಿಸಿಕೊಂಡರು, ಆದರೂ ಏನೆಂದೆ ಎಂದು ಇನ್ನೊಂದು ಸಲ ಹೇಳಿಸಿದರು. ಆಮೇಲೆ ಇಬ್ಬರು ಕೆಲಸದವರು ಕೀಲಿ ಹಾಕಿ ಬಲ ಹಾಕಿ ತಿರುಗಿಸಿದರು. ಅಲ್ಲಾಡಲಿಲ್ಲ. ತುಕ್ಕು ಹಿಡಿದಿದೆ, ಕತ್ತರಿಸಬೇಕು ಎಂದರು. ಗುರುಬಸಮ್ಮ ಅವರನ್ನು ಪಕ್ಕಕ್ಕೆ ಸರಿಸಿ, ಅದು ಹಳೇ ಕಾಲದ್ದು, ಎಡಕ್ಕಲ್ಲ ಬಲಕ್ಕೆ ಬಿಚ್ಚಬೇಕು ಎಂದು ಹೇಳಿ ಕೀಲಿಗೆ ತಾವೇ ಕೈ ಹಾಕಿದರು. ಎಪ್ಪತ್ತೆರಡರ ಕೈ ಸಾಲಲಿಲ್ಲ, ನಾನೂ ಮಹೇಂದ್ರನೂ ಸೇರಿಕೊಂಡೆವು. ವಾಲ್ವ್ ತಿರುಗಿತು. ಕೊಡದಮ್ಮ ಒಂದು ಸಲ ಕೆಮ್ಮಿದಳು. ಕೊಡದಿಂದ ಮೊದಲು ಗಾಳಿ, ಆಮೇಲೆ ಕೆಂಪು ನೀರು, ಆಮೇಲೆ ಒಳ್ಳೇ ನೀರು. ನಾಲ್ಕು ಮೀನೂ ಒಟ್ಟಿಗೆ ಚಿಮ್ಮಿದವು.

ಜನ ಸೇರಿದರು, ಚಪ್ಪಾಳೆ ಬಿತ್ತು, ಅಧ್ಯಕ್ಷರು ಫೋಟೋಗೆ ನಿಂತರು. ಗುರುಬಸಮ್ಮ ಮಾತ್ರ ಆ ಗುಂಡಿಯ ಪಕ್ಕ, ಎತ್ತಿಟ್ಟ ಚಪ್ಪಡಿಯ ಮೇಲೆ ಕೂತು ನೀರನ್ನೇ ನೋಡುತ್ತಿದ್ದರು. ಮಹೇಂದ್ರ ಹತ್ತಿರ ಬಂದು, ಗಾಳಿ ಬರದ ಕಡೆ, ಹೋಟೆಲಿನ ಗೋಡೆಯ ಮರೆಗೆ ನಿಮಗೆ ಬೇರೆ ಕಲ್ಲು ಹಾಕಿಸಿಕೊಡುತ್ತೇನೆ ಎಂದ. ಆಕೆ ಆಗಲಿ ಎಂದರು. ಅವನು ಹೋಗಲಿಲ್ಲ. ಅವನಿಗೂ ಆಕೆಯನ್ನು ಸ್ವಲ್ಪ ಕೆಣಕುವ ಆಸೆ.

"ಅಲ್ಲ ಅಜ್ಜಿ, ಒಂದಿನದ ಸಿಟ್ಟಿಗೆ ಮೂವತ್ತಾರು ವರ್ಷ ನೀರು ನಿಲ್ಲಿಸೋದಾ? ಮಾರನೇ ದಿನ ನೀವೇ ಹೇಳಬಹುದಿತ್ತಲ್ಲ, ಬಿಚ್ಚಿಬಿಡಿ ಅಂತ."

ಆಕೆ ನೀರಿನಿಂದ ಕಣ್ಣು ತೆಗೆಯದೆಯೇ ಹೇಳಿದರು. 

"ಮಾರ್ನೆ ದಿನಾನೇ ಬಾಯ್ಗೆ ಬಂದಿತ್ತು ಕಣಪ್ಪ, ಪುರಿ ಮೆತ್ಗಾದ್ರೆ ಆಗ್ಲಿ ನೀರ್ ಬುಟ್ಬುಡಿ ಅಂತ. ನಂಗೂ ಈ ನೀರ ನೋಡ್ಕಂಡು ಕೂರದು ಅಂದ್ರೆ ಆಸೆನೇಯ. ಆದ್ರೆ ಆವತ್ತು ಉಣ್ಣಕ್ಕೆ ಕೂತಾಗ ಅವ್ರು ತಲೆ ಎತ್ತಿ ನನ್ ಮೊಕ ನೋಡುದ್ರು. ಸರಿಓಯ್ತಾ ಅಂತ. ಬಾಯಲ್ಲಿ ಕೇಳ್ನಿಲ್ಲ, ಸುಮ್ಕೆ ನೋಡುದ್ರು. ನಲವತ್ತೈದು ವರ್ಸ ಬಾಳಾಟದಲ್ಲಿ ಅವ್ರು ನಂಗೋಸ್ಕರ ಅಂತ ಮಾಡಿದ್ದು ಅದೊಂದೇ ಕಣಪ್ಪ. ಬ್ಯಾಡ ಅಂತ ವಾಪಸ್ ಕೊಡಕ್ಕೆ ನಂಗೆ ಮನ್ಸ್ ಬರ್ನಿಲ್ಲ."